ಅಕ್ಕಿ, ಹಾಲು, ಕಾಯಿ ಎಲ್ಲ ಮನೆಯದೇ, ಬೇಕರಿ ತಿಂಡಿ ತಿನ್ನುವುದಿಲ್ಲ. ಆದರೂ ಸಕ್ಕರೆ ಏಕೆ ಏರಿತು?

ತೋಟದಮನೆ (ತೀರ್ಥಹಳ್ಳಿ)
ಎಲ್ಲರಿಗೂ ನಮಸ್ಕಾರ. ಮೂರು ದಿನಗಳಿಂದ ಒಂದೇ ವಿಷಯ ತಲೆ ಕೊರೆಯುತ್ತಿದೆ. ಇಲ್ಲಿ ಹೇಳಿಕೊಂಡರೆ ಯಾರಾದರೂ ದಾರಿ ತೋರಿಸಬಹುದೆಂದು ಬರೆಯುತ್ತಿದ್ದೇನೆ.

ನನಗೆ 46 ವರ್ಷ. ಅಕ್ಕಿ ನಮ್ಮ ಗದ್ದೆಯದು, ಹಾಲು ಕೊಟ್ಟಿಗೆಯದು, ಕಾಯಿ, ಬಾಳೆ, ಕಾಳುಮೆಣಸು ತೋಟದ್ದು. ಎಣ್ಣೆ ಗಾಣದ್ದು. ಬೇಕರಿ ತಿಂಡಿ ಮನೆಯೊಳಗೆ ಬರುವುದು ಮಕ್ಕಳ ಹುಟ್ಟುಹಬ್ಬಕ್ಕೆ ಮಾತ್ರ. ಸಕ್ಕರೆ ಬಿಟ್ಟು ಬೆಲ್ಲ ಹಿಡಿದು ಆರು ವರ್ಷವಾಯಿತು. ಇಷ್ಟಿದ್ದೂ ಕಳೆದ ವಾರ ರಕ್ತ ಪರೀಕ್ಷೆ ಮಾಡಿಸಿದರೆ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಅಂಕಿ, 6.2 ಬಂದಿದೆ. ಅಪ್ಪನಿಗೆ ಸಕ್ಕರೆ ಕಾಯಿಲೆ ಇರಲಿಲ್ಲ, ಅಜ್ಜನಿಗೂ ಇರಲಿಲ್ಲ. ಅವರು ಉಂಡದ್ದನ್ನೇ ನಾನೂ ಉಣ್ಣುತ್ತಿದ್ದೇನೆ.

ವೈದ್ಯರು ಮಾತ್ರೆ ಕೊಡಲಿಲ್ಲ. ಮೂರು ತಿಂಗಳು ಊಟ ಸರಿಮಾಡಿಕೊಳ್ಳಿ, ದಿನವೂ ನಡೆಯಿರಿ, ಆಮೇಲೆ ಮತ್ತೆ ನೋಡೋಣ ಎಂದರು. ನನ್ನ ಪ್ರಶ್ನೆ ಎರಡು. ಮನೆಯದ್ದನ್ನೇ ತಿನ್ನುವವನು ಇನ್ನೇನು ಸರಿಮಾಡಬೇಕು? ಪುನರ್ವಸು ಮಳೆ ಹಿಡಿದು ಎಂಟು ದಿನವಾಯಿತು, ಅಂಗಳದಲ್ಲಿ ಪಾಚಿ, ತೋಟದಲ್ಲಿ ರಕ್ತ ಹೀರುವ ಉಂಬಳ, ಇಂಥದ್ದರಲ್ಲಿ ನಡೆಯುವುದಾದರೂ ಎಲ್ಲಿ?

ತುಂಗೆಯ ದಡ (ಶಿವಮೊಗ್ಗ)
ಗಾಬರಿಯಾಗಬೇಡಿ. 5.7ರಿಂದ 6.4ರವರೆಗೆ ಹೊಸ್ತಿಲು, 6.5 ಮುಟ್ಟಿದರೆ ಕಾಯಿಲೆ. ನೀವಿನ್ನೂ ಹೊಸ್ತಿಲಲ್ಲಿದ್ದೀರಿ, ಹಿಂದಕ್ಕೆ ಬರುವ ದಾರಿ ಇದೆ. ನಾನು ಬಂದಿದ್ದೇನೆ.

ಬೇರು ನಾರು (ಶೃಂಗೇರಿ)
ಪರೀಕ್ಷೆ ಮಾಡಿಸಿದ್ದೇ ತಪ್ಪು. ನೈಸರ್ಗಿಕವಾಗಿ ಬದುಕುವವರು ಅಂಕಿಗಳಿಗೆ ಹೆದರಬಾರದು. ಬೆಳಗ್ಗೆ ಖಾಲಿ ಹೊಟ್ಟೆಗೆ ಹಾಗಲಕಾಯಿ ರಸ, ಸಂಜೆ ಸೋರೆಕಾಯಿ ರಸ, ನಲವತ್ತೆಂಟು ದಿನ. ಬರಿಗಾಲಿನಲ್ಲಿ ಒದ್ದೆ ಹುಲ್ಲಿನ ಮೇಲೆ ನಡೆಯಿರಿ. ಯಾವ ಮಾತ್ರೆಯೂ ಬೇಡ.

ಉಪಕೇಂದ್ರದ ದಾದಿ (ಸೊರಬ)
ಬೇರು ನಾರು ಅವರೇ, ದಯವಿಟ್ಟು ನಿಲ್ಲಿಸಿ. ಪರೀಕ್ಷೆ ಮಾಡಿಸಿದ್ದರಿಂದಲೇ ಈ ಅಣ್ಣನಿಗೆ ಹೊಸ್ತಿಲಲ್ಲೇ ತಿಳಿಯಿತು. ನಮ್ಮ ಕಡೆ ಬಹಳ ಜನರಿಗೆ ತಿಳಿಯುವುದು ಕಾಲಿನ ಹುಣ್ಣು ಮಾಯದೆ ಹೋದಾಗ.

ಸೋರೆಕಾಯಿ ರಸದ ಬಗ್ಗೆ ಒಂದು ಮಾತು, ಎಲ್ಲರೂ ಗಮನಿಸಿ. ಕಹಿಯಾದ ಸೋರೆಕಾಯಿಯಲ್ಲಿ ಕುಕುರ್ಬಿಟಾಸಿನ್ ಎಂಬ ವಿಷವಿರುತ್ತದೆ. ಅದರ ರಸ ಕುಡಿದು ರಕ್ತ ವಾಂತಿಯಾದವರಿದ್ದಾರೆ, ಸತ್ತವರೂ ಇದ್ದಾರೆ. ತುದಿಯ ಚೂರು ಬಾಯಿಗೆ ಹಾಕಿ ನೋಡಿ, ಕಹಿಯಿದ್ದರೆ ಇಡೀ ಕಾಯಿ ಗೊಬ್ಬರದ ಗುಂಡಿಗೆ. ಕಹಿ ಇದ್ದರೇ ಒಳ್ಳೆಯದು ಎಂದು ಕಣ್ಣು ಮುಚ್ಚಿ ಕುಡಿಯುವ ಅಭ್ಯಾಸ ಅಪಾಯದ್ದು.

ಬರಿಗಾಲಿನ ಮಾತು ಇನ್ನೂ ಕೆಟ್ಟದ್ದು. ಸಕ್ಕರೆ ಕಾಯಿಲೆ ಹಳೆಯದಾದವರಿಗೆ ಪಾದದ ಸ್ಪರ್ಶ ಕಡಿಮೆಯಾಗಿರುತ್ತದೆ, ಮುಳ್ಳು ಹೊಕ್ಕರೂ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಗದ್ದೆ, ತೋಟ, ಕೊಟ್ಟಿಗೆಯ ನೀರಿನಲ್ಲಿ ಇಲಿ ಮೂತ್ರ ಸೇರಿರುತ್ತದೆ. ಕಾಲಿನಲ್ಲಿ ಸಣ್ಣ ಗೀರಿದ್ದರೂ ಸಾಕು, ಇಲಿಜ್ವರ ಒಳಗೆ ಹೋಗುತ್ತದೆ. ಗಂಬೂಟು ಹಾಕಿಕೊಳ್ಳಿ.

ಹಳೆಯ ಮೇಷ್ಟ್ರು (ಹೊಸನಗರ)
ತೋಟದಮನೆಯವರ ಪ್ರಶ್ನೆಯಲ್ಲೇ ಉತ್ತರವೂ ಇದೆ. "ಅವರು ಉಂಡದ್ದನ್ನೇ ನಾನೂ ಉಣ್ಣುತ್ತಿದ್ದೇನೆ" ಎಂದಿರಿ. ಸರಿ, ಅವರು ಮಾಡಿದ್ದನ್ನು ಮಾಡುತ್ತಿದ್ದೀರಾ?

ನನಗೀಗ 71. ನಾನು ಕಣ್ಣಾರೆ ಕಂಡ ನನ್ನ ಅಪ್ಪನ ಒಂದು ದಿನ ಹೇಳುತ್ತೇನೆ. ಬೆಳಗಿನ ಜಾವ ಎದ್ದು ಕೊಟ್ಟಿಗೆಯ ಗೊಬ್ಬರ ತೆಗೆಯುವುದು. ಕಾಫಿ ಕುಡಿದು ಸೊಪ್ಪಿನ ಬೆಟ್ಟಕ್ಕೆ ಹೋಗುವುದು. ಏರುದಾರಿ ಒಂದು ಮೈಲು, ಇಳಿಯುವಾಗ ತಲೆಯ ಮೇಲೆ ಸೊಪ್ಪಿನ ಹೊರೆ. ಹಾಗೆ ಮೂರು ಸಲ. ಹತ್ತು ಗಂಟೆಗೆ ಆರು ಕಡುಬು ತಿನ್ನುತ್ತಿದ್ದರು. ಆಮೇಲೆ ಗದ್ದೆ ಅಂಚು ಕಡಿಯುವುದು, ಬೇಲಿ ಕಟ್ಟುವುದು, ದಬ್ಬೆ ಸೀಳುವುದು. ಪೇಟೆಗೆ ಹೋಗಬೇಕಾದರೆ ಆರು ಮೈಲು ನಡಿಗೆ, ಬರುವಾಗ ಹೆಗಲ ಮೇಲೆ ಉಪ್ಪು, ಸೀಮೆಎಣ್ಣೆ. ಅವ್ವ ಒರಳಿನಲ್ಲಿ ರುಬ್ಬುತ್ತಿದ್ದಳು, ಒನಕೆಯಲ್ಲಿ ಕುಟ್ಟುತ್ತಿದ್ದಳು, ಬಾವಿಯಿಂದ ಕೊಡ ಸೇದುತ್ತಿದ್ದಳು. ಆ ದೇಹಕ್ಕೆ ಆರು ಕಡುಬು ಬೇಕಿತ್ತು. ಮಧ್ಯಾಹ್ನದ ಹೊತ್ತಿಗೆ ಕರಗಿ ಹೋಗುತ್ತಿತ್ತು.

ಈಗ ನಮ್ಮ ಮನೆಗಳಲ್ಲಿ ಕಳೆ ಕೊಚ್ಚುವುದು ಯಂತ್ರ, ಅಡಿಕೆ ಕೊನೆ ಕೊಯ್ಯುವುದು ಗುತ್ತಿಗೆಯವರು, ರುಬ್ಬುವುದು ಗ್ರೈಂಡರ್, ಪೇಟೆಗೆ ಸ್ಕೂಟರ್. ಕಡುಬು ಮಾತ್ರ ಇನ್ನೂ ಆರೇ ಇದೆ. ಕೆಲಸ ಮನೆ ಬಿಟ್ಟು ಹೋಯಿತು, ಆ ಕೆಲಸಕ್ಕೆಂದು ಹಾಕುತ್ತಿದ್ದ ತಟ್ಟೆ ಉಳಿದುಕೊಂಡಿತು. ಇದನ್ನು ಬೈಗುಳ ಎಂದು ತಿಳಿಯಬೇಡಿ ತಮ್ಮಾ. ನಾನೂ ಅದೇ ತಟ್ಟೆಯ ಮುಂದೆ ಕೂತು ಸಕ್ಕರೆ ಬರಿಸಿಕೊಂಡವನು.

ತೋಟದಮನೆ (ತೀರ್ಥಹಳ್ಳಿ)
ಮೇಷ್ಟ್ರೇ, ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನ್ನದು ಪೇಟೆಯಲ್ಲಿ ಗೊಬ್ಬರದ ಅಂಗಡಿ. ಬೆಳಗ್ಗೆ ಸ್ಕೂಟರಿನಲ್ಲಿ ಹೋದರೆ ಕುರ್ಚಿ, ಸಂಜೆ ಬಂದರೆ ಮತ್ತೆ ಕುರ್ಚಿ. ತೋಟಕ್ಕೆ ಇಳಿಯುವುದು ವಾರಕ್ಕೊಮ್ಮೆ. ಹೊರೆ ಹೊತ್ತು ಇಪ್ಪತ್ತು ವರ್ಷ ದಾಟಿತು.

ಕೆಂಪಡಿಕೆ (ಕೊಪ್ಪ)
ಮೇಷ್ಟ್ರು ಹೇಳಿದ್ದು ನಿಜ, ಆದರೆ ಎಲ್ಲವನ್ನೂ ಊಟ ಮತ್ತು ಕೆಲಸದ ಮೇಲೇ ಹೊರಿಸಬೇಡಿ. ಅಪ್ಪನಿಗೆ ಇರಲಿಲ್ಲ, ಅಜ್ಜನಿಗೆ ಇರಲಿಲ್ಲ ಎನ್ನುತ್ತೇವಲ್ಲ, ಆಗ ಪರೀಕ್ಷೆ ಮಾಡಿಸಿದವರು ಯಾರು? ನನ್ನ ಅಜ್ಜ "ಇದ್ದಕ್ಕಿದ್ದಂತೆ ಸೊರಗಿ" ತೀರಿಕೊಂಡರು ಎಂದೇ ಮನೆಯಲ್ಲಿ ಹೇಳುತ್ತಾರೆ. ಈಗ ಯೋಚಿಸಿದರೆ ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಿದ್ದುದು, ವಿಪರೀತ ಬಾಯಾರಿಕೆ, ಎಲ್ಲ ಅದೇ ಲಕ್ಷಣ.

ಊಟದ ಲೆಕ್ಕ (ಶಿವಮೊಗ್ಗ)
ಕೆಂಪಡಿಕೆ ಅವರ ಮಾತು ಸರಿಯಾಗಿದೆ. ನಾನು ಆಹಾರ ಸಲಹೆಗಾರ್ತಿ, ದಿನವೂ ಇದನ್ನೇ ನೋಡುತ್ತೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜೊತೆ ನಡೆದ ದೇಶವ್ಯಾಪಿ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ನಿಮ್ಮ ಹಾಗೆ ಹೊಸ್ತಿಲಲ್ಲಿದ್ದಾರೆ. ಪೇಟೆಯವರ ಕಾಯಿಲೆ ಎಂಬ ಕಾಲ ಹೋಯಿತು.

ತೋಟದಮನೆಯವರೇ, ನಿಮ್ಮ ಆಹಾರ ಶುದ್ಧವಾಗಿದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಶುದ್ಧ ಎಂಬುದು ಒಂದು, ಅಳತೆ ಎಂಬುದು ಇನ್ನೊಂದು. ನಿಮ್ಮ ಗದ್ದೆಯ ಅಕ್ಕಿಯಾದರೂ ಮಿಲ್ಲಿನಲ್ಲಿ ಬೆಳ್ಳಗೆ ಪಾಲಿಶ್ ಮಾಡಿಸಿದ್ದರೆ ಹೊಟ್ಟೆಯೊಳಗೆ ಅಂಗಡಿ ಅಕ್ಕಿಯಂತೆಯೇ ಬೇಗ ಸಕ್ಕರೆಯಾಗುತ್ತದೆ. ಬೆಲ್ಲದ ವಿಷಯವೂ ಹಾಗೆಯೇ. ಅದರಲ್ಲಿ ಒಂದಿಷ್ಟು ಖನಿಜಾಂಶ ಇರಬಹುದು, ಆದರೆ ಬಹುಪಾಲು ಇರುವುದು ಸುಕ್ರೋಸ್, ಸಕ್ಕರೆಯಲ್ಲಿರುವುದೂ ಅದೇ. ರಕ್ತಕ್ಕೆ ಆಲೆಮನೆಯೂ ಕಾರ್ಖಾನೆಯೂ ಬೇರೆಯಲ್ಲ. ಜೋನಿ ಬೆಲ್ಲವಾದರೂ ಅಷ್ಟೇ.

ಒಂದು ಕೆಲಸ ಮಾಡಿ. ಅಡುಗೆಮನೆಯಲ್ಲಿ ತಕ್ಕಡಿ ಇದ್ದರೆ ಒಂದು ದಿನ ನೀವು ತಿನ್ನುವ ಅನ್ನವನ್ನು ತೂಗಿ ಇಲ್ಲಿ ಬರೆಯಿರಿ. ಸೊಂಟದ ಸುತ್ತಳತೆಯನ್ನೂ ಹೇಳಿ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರಿಕೆಯ ಗಂಟೆ.

ಮಲೆನಾಡಿನ ಮಗಳು (ಬೆಂಗಳೂರು)
ಬೆಲ್ಲದ ಮಾತು ಕೇಳಿ ಎದೆ ಧಸಕ್ಕೆಂದಿತು. ಅಮ್ಮ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ದಿನಕ್ಕೆ ನಾಲ್ಕು ಲೋಟ ಬೆಲ್ಲದ ಕಾಫಿ ಕುಡಿಯುತ್ತಾಳೆ. ಇವತ್ತೇ ಫೋನ್ ಮಾಡುತ್ತೇನೆ.

ಬೇರು ನಾರು (ಶೃಂಗೇರಿ)
ಬೆಲ್ಲವನ್ನೂ ಸಕ್ಕರೆಯನ್ನೂ ಒಂದೇ ತಕ್ಕಡಿಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಹಿರಿಯರು ಬಿಸಿಲಿನಲ್ಲಿ ಬಂದವರಿಗೆ ಬೆಲ್ಲ ನೀರು ಕೊಡುತ್ತಿದ್ದರು. ಅದರಲ್ಲಿ ಅರ್ಥವಿರಲಿಲ್ಲವೇ?

ಹಳೆಯ ಮೇಷ್ಟ್ರು (ಹೊಸನಗರ)
ಅರ್ಥವಿತ್ತು. ಬಿಸಿಲಿನಲ್ಲಿ ನಡೆದು ಬಂದವರಿಗೆ ಕೊಡುತ್ತಿದ್ದರು.

ತೋಟದಮನೆ (ತೀರ್ಥಹಳ್ಳಿ)
ತೂಗಿದೆ. ಹೆಂಡತಿ ಬೆಣ್ಣೆ ತೂಗುವ ಸಣ್ಣ ತಕ್ಕಡಿ ಇತ್ತು. ದಿನವೂ ಬಡಿಸಿಕೊಳ್ಳುವಷ್ಟನ್ನೇ ಬಡಿಸಿಕೊಂಡು, ತಟ್ಟೆಯ ತೂಕ ಕಳೆದು ನೋಡಿದೆ.

ಬೆಳಗ್ಗೆ ನಾಲ್ಕು ಅಕ್ಕಿ ರೊಟ್ಟಿ. ಹಿಟ್ಟನ್ನು ಮೊದಲೇ ತೂಗಿಟ್ಟಿದ್ದೆವು, ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು, ನಾಲ್ಕಕ್ಕೆ 200. ಮಧ್ಯಾಹ್ನ ಸಾರಿಗೆ ಬಡಿಸಿಕೊಂಡ ಅನ್ನ 310 ಗ್ರಾಂ. ಅದು ಮುಗಿದ ಮೇಲೆ ಮಜ್ಜಿಗೆಗೆ ಇನ್ನೊಂದು ಸೌಟು ಎಂದುಕೊಂಡು ಹಾಕಿಸಿಕೊಂಡದ್ದು 190. ಒಟ್ಟು 500 ಗ್ರಾಂ ಅನ್ನ. ರಾತ್ರಿ 420. ಸಾರಿನ ಸೌತೆಕಾಯಿ ಹೋಳು ಮತ್ತು ಒಂದು ಚಮಚ ಪಲ್ಯ ಸೇರಿಸಿ ತರಕಾರಿ ತೂಗಿದರೆ 90 ಗ್ರಾಂ ಮುಟ್ಟಲಿಲ್ಲ. ಜೊತೆಗೆ ಎರಡು ಮಿಡಿ ಉಪ್ಪಿನಕಾಯಿ. ಸೊಂಟ 97 ಸೆಂಟಿಮೀಟರ್.

ತಕ್ಕಡಿಯ ಮೇಲೆ ಮಜ್ಜಿಗೆ ಅನ್ನದ ತೂಕ ನೋಡಿ ಹೆಂಡತಿಯೂ ನಾನೂ ಮುಖ ಮುಖ ನೋಡಿಕೊಂಡೆವು. ಅದನ್ನು ನಾವು ಊಟದ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಊಟದ ಲೆಕ್ಕ (ಶಿವಮೊಗ್ಗ)
ಇಷ್ಟು ಪ್ರಾಮಾಣಿಕವಾಗಿ ಯಾರೂ ಬರೆದುಕೊಟ್ಟಿರಲಿಲ್ಲ, ಧನ್ಯವಾದ. ಅಕ್ಕಿ ಬೆಂದಾಗ ತೂಕ ಸುಮಾರು ಮೂರು ಪಟ್ಟಾಗುತ್ತದೆ. ಅಂದರೆ ನಿಮ್ಮ 920 ಗ್ರಾಂ ಅನ್ನಕ್ಕೆ 300 ಗ್ರಾಂಗೂ ಹೆಚ್ಚು ಅಕ್ಕಿ, ರೊಟ್ಟಿಯ 200 ಸೇರಿದರೆ ದಿನಕ್ಕೆ ಅರ್ಧ ಕಿಲೋ ಅಕ್ಕಿ. ಅದರಿಂದಲೇ ಸುಮಾರು 1750 ಕ್ಯಾಲೊರಿ.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಧಾನ್ಯದಿಂದ ಬರುವ ಶಕ್ತಿ ಶೇಕಡಾ 45 ದಾಟಬಾರದು ಎಂದಿದೆ. ದಿನಕ್ಕೆ 2000 ಕ್ಯಾಲೊರಿ ಸಾಕಾಗುವ, ಕುರ್ಚಿಯಲ್ಲಿ ಕೂರುವ ಮನುಷ್ಯನಿಗೆ ಅದು 250 ಗ್ರಾಂ ಧಾನ್ಯದ ಹತ್ತಿರ ಬರುತ್ತದೆ. ತರಕಾರಿ ಮತ್ತು ಹಣ್ಣು ಸೇರಿ 500 ಗ್ರಾಂ, ಬೇಳೆಕಾಳು 85 ಗ್ರಾಂ. ಅಕ್ಕಿ ಇಮ್ಮಡಿ ಇದೆ, ತರಕಾರಿ ಐದರಲ್ಲಿ ಒಂದು ಪಾಲೂ ಇಲ್ಲ. ನಿಮ್ಮ ಉತ್ತರ ಇಲ್ಲಿದೆ. ಅಕ್ಕಿ ಬಿಡಬೇಡಿ. ತಟ್ಟೆಯ ಅರ್ಧ ಭಾಗಕ್ಕೆ ಮೊದಲು ಪಲ್ಯ, ಸೊಪ್ಪು, ಕೋಸಂಬರಿ ಬಡಿಸಿ, ಆಮೇಲೆ ಕಾಳು, ಉಳಿದ ಜಾಗಕ್ಕೆ ಅನ್ನ. ಬಡಿಸುವ ಕ್ರಮ ತಿರುಗಿಸಿದರೆ ಅರ್ಧ ಕೆಲಸ ಆಯಿತು.

ತುಂಗೆಯ ದಡ (ಶಿವಮೊಗ್ಗ)
ಅನ್ನ ಬಿಟ್ಟು ರಾಗಿ ಮುದ್ದೆ ಹಿಡಿಯಬಹುದಲ್ಲವೇ? ನಾನು ಸಾಮೆ, ನವಣೆ ಎಲ್ಲ ತಂದಿದ್ದೇನೆ.

ಊಟದ ಲೆಕ್ಕ (ಶಿವಮೊಗ್ಗ)
ತರಬಹುದು, ನಾರಿನಂಶ ಹೆಚ್ಚು, ರಾಗಿಯಲ್ಲಿ ಕ್ಯಾಲ್ಸಿಯಂ ಬಹಳ. ಆದರೆ ಎರಡು ದೊಡ್ಡ ಮುದ್ದೆ ನುಂಗಿದರೆ ಅದೂ ಪಿಷ್ಟವೇ. ಸಿರಿಧಾನ್ಯ ಎಂಬ ಹೆಸರು ಕೇಳಿ ಅಳತೆ ಮರೆಯಬೇಡಿ. ಮಲೆನಾಡಿನವರಿಗೆ ಅದಕ್ಕಿಂತ ಹತ್ತಿರದ ದಾರಿ ಹುರುಳಿ. ಕಟ್ಟು ಬಸಿದು ಸಾರು ಮಾಡಿ ಕಾಳನ್ನು ದನಕ್ಕೆ ಹಾಕುತ್ತೇವಲ್ಲ, ಆ ಕಾಳಿನಲ್ಲೇ ಪ್ರೋಟೀನು ಇರುವುದು. ಉಸಲಿ ಮಾಡಿಕೊಂಡು ತಿನ್ನಿ.

ಸಾಗರದ ಸೊಸೆ
ಇಷ್ಟೊತ್ತು ಓದುತ್ತಿದ್ದೆ. ಎಲ್ಲರೂ 500 ಗ್ರಾಂ ತರಕಾರಿ ಎಂದು ಸುಲಭವಾಗಿ ಬರೆದಿರಿ. ಮಳೆಗಾಲದಲ್ಲಿ ನಮ್ಮ ಹಿತ್ತಿಲಿನಲ್ಲಿ ಏನಿರುತ್ತದೆ ಎಂದು ಗೊತ್ತಿರುವವರು ಈ ಮಾತು ಆಡುವುದಿಲ್ಲ ಎಂದು ಮೊದಲು ಅನ್ನಿಸಿತು. ಆಮೇಲೆ ಎಣಿಸಿದೆ. ಒಂದೆಲಗ, ಚಗಟೆ ಸೊಪ್ಪು, ಮರಕೆಸು, ಕಳಲೆ (ಎಳೆ ಬಿದಿರಿನ ಮೊಳಕೆ), ದೊಡ್ಡಪತ್ರೆ, ಬಾಳೆಯ ಹೂವು, ಬಾಳೆದಿಂಡು, ಮಾಡಿನ ಕೆಳಗೆ ಕಟ್ಟಿಟ್ಟ ಮಂಗಳೂರು ಸೌತೆ. ಇರುತ್ತದೆ. ಬಿಡಿಸಿ ಹೆಚ್ಚುವ ಕೈ ಮಾತ್ರ ಒಂದೇ, ನನ್ನದು.

ತಂಬುಳಿ ಹೇಳುತ್ತೇನೆ, ಐದು ನಿಮಿಷದ್ದು. ಒಂದು ಹಿಡಿ ಒಂದೆಲಗವನ್ನು ಬೇರು ಸಮೇತ ಕಿತ್ತು ಮಣ್ಣು ಹೋಗುವವರೆಗೆ ನಾಲ್ಕು ನೀರಿನಲ್ಲಿ ತೊಳೆಯಬೇಕು. ಅರ್ಧ ಚಮಚ ತುಪ್ಪದಲ್ಲಿ ಜೀರಿಗೆ, ಆರೇಳು ಕಾಳುಮೆಣಸು ಚಟಪಟ ಎನ್ನುವಾಗ ಸೊಪ್ಪು ಹಾಕಿ ಬಾಡಿಸಿ, ಹಸಿರು ಕಪ್ಪಾಗುವ ಮೊದಲೇ ಇಳಿಸಬೇಕು. ಎರಡು ಚಮಚ ಕಾಯಿತುರಿಯ ಜೊತೆ ನುಣ್ಣಗೆ ರುಬ್ಬಿ ಹುಳಿಯಿಲ್ಲದ ಮಜ್ಜಿಗೆಗೆ ಬೆರೆಸಿದರೆ ಆಯಿತು. ಮತ್ತೆ ಕುದಿಸಬಾರದು, ಒಡೆಯುತ್ತದೆ. ತೋಟದಮನೆ ಅಣ್ಣಾ, ಇದನ್ನು ಅನ್ನಕ್ಕೆ ಕಲಸಿಕೊಳ್ಳುವ ಬದಲು ಲೋಟದಲ್ಲಿ ಕುಡಿಯಿರಿ. ಆ ಎರಡನೆಯ ಸಲದ 190 ಗ್ರಾಂ ಅನ್ನ ತಾನಾಗಿ ತಪ್ಪುತ್ತದೆ.

ಇನ್ನೊಂದು ವಿಷಯ ಬರೆಯದೆ ಹೋಗುವುದಿಲ್ಲ. ವಾಕಿಂಗ್, ವ್ಯಾಯಾಮ ಎಂಬ ಮಾತು ಬಂದಾಗಲೆಲ್ಲ ಗಂಡಸರು ಶೂ ಹಾಕಿಕೊಂಡು ಹೊರಡುತ್ತಾರೆ, ಅದೇ ಹೊತ್ತಿಗೆ ತಿಂಡಿ, ಡಬ್ಬಿ, ಕೊಟ್ಟಿಗೆ ನಮ್ಮ ಮೇಲೆ ಬೀಳುತ್ತದೆ. "ನಿನಗೇಕೆ ವಾಕಿಂಗ್, ಮನೆಯಲ್ಲೇ ಬೇಕಾದಷ್ಟು ಓಡಾಡುತ್ತೀಯಲ್ಲ" ಎಂದು ಹತ್ತು ವರ್ಷ ಕೇಳಿದ್ದೇನೆ. ಕಳೆದ ವರ್ಷ ನನಗೆ ರಕ್ತದೊತ್ತಡ ಬಂತು. ಮನೆಗೆಲಸ ದಣಿಸುತ್ತದೆ, ಆದರೆ ಒಲೆಯ ಮುಂದೆ ನಿಂತೇ ಇರುವುದು ನಡಿಗೆಯಲ್ಲ.

ಊಟದ ಲೆಕ್ಕ (ಶಿವಮೊಗ್ಗ)
ಅಕ್ಕ, ಪ್ರತಿ ಅಕ್ಷರವೂ ನಿಜ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕ ವಾರಕ್ಕೆ 150ರಿಂದ 300 ನಿಮಿಷ, ಮಾತಾಡಬಹುದು ಆದರೆ ಹಾಡಲಾಗದು ಎನ್ನುವಷ್ಟು ಉಸಿರು ಏರುವ ಚಟುವಟಿಕೆ. ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಅದು ಹೆಂಗಸರಿಗೂ ಅಷ್ಟೇ ಅನ್ವಯ. ರಕ್ತದೊತ್ತಡ ಇದೆ ಎಂದಿರಿ, ಹಾಗಾದರೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಕಡೆ ನೋಡಿ. ದಿನಕ್ಕೆ ಎಲ್ಲ ಸೇರಿ ಉಪ್ಪು ಐದು ಗ್ರಾಂ, ಒಂದು ಚಮಚ ಮಾತ್ರ.

ಮಳೆಹುಳ (ಆಗುಂಬೆ)
ಅಪ್ಪೆಮಿಡಿ ಬಿಡಿ ಎನ್ನುವ ಹಕ್ಕು ಯಾರಿಗೂ ಇಲ್ಲ!

ಸಾಗರದ ಸೊಸೆ
ಬಿಡಬೇಕಿಲ್ಲ. ಒಂದು ಮಿಡಿಯನ್ನು ನಾಲ್ಕು ಜನ ಹಂಚಿಕೊಂಡು ತಿನ್ನುವುದು ನಮ್ಮ ಅತ್ತೆಯ ಕಾಲದಲ್ಲಿ ರೂಢಿಯಿತ್ತು. ಭರಣಿ ವರ್ಷ ಪೂರ್ತಿ ಬರಬೇಕಿತ್ತು.

ಗರಡಿ ಮಣ್ಣು (ಶಿವಮೊಗ್ಗ)
ಎಲ್ಲರೂ ನಡಿಗೆ ನಡಿಗೆ ಎನ್ನುತ್ತಿದ್ದೀರಿ. ನಡಿಗೆ ಒಳ್ಳೆಯದೇ, ಆದರೆ ತೊಡೆ, ಬೆನ್ನು, ಹೆಗಲಿನ ಸ್ನಾಯುಗಳಿಗೆ ಭಾರ ಬೀಳದಿದ್ದರೆ ಅರ್ಧ ಕೆಲಸವೇ. ಊಟದ ನಂತರ ರಕ್ತದ ಸಕ್ಕರೆಯನ್ನು ಅತಿ ಹೆಚ್ಚು ಹೀರಿಕೊಳ್ಳುವುದು ಸ್ನಾಯು. ಮೇಷ್ಟ್ರ ಅಪ್ಪ ಸೊಪ್ಪಿನ ಹೊರೆ ಹೊತ್ತದ್ದು ಸಾಮು ಮಾಡಿದಂತೆಯೇ.

ಮಳೆ ನೆಪವೇ ಅಲ್ಲ. ನಮ್ಮ ಉಸ್ತಾದರು ಮಳೆಗಾಲದಲ್ಲೇ ಹೆಚ್ಚು ಬೈಠಕ್ ಹೊಡೆಸುತ್ತಿದ್ದರು. ತೋಟದಮನೆಯವರಿಗೆ ನೇರವಾಗಿ ಬೈಠಕ್ ಬೇಡ, ಮಂಡಿ ನೋಯುತ್ತದೆ. ಗಟ್ಟಿಯಾದ ಕುರ್ಚಿ ಗೋಡೆಗೆ ಆನಿಸಿ, ಕೈ ಎದೆಯ ಮೇಲೆ ಕಟ್ಟಿಕೊಂಡು ಎದ್ದು ಕೂರಿ. ಹತ್ತು ಸಲ, ಸ್ವಲ್ಪ ಉಸಿರಾಡಿ ಮತ್ತೆ ಹತ್ತು, ಹೀಗೆ ಮೂರು ಸುತ್ತು. ಕೂರುವಾಗ ಧೊಪ್ಪೆಂದು ಬೀಳಬಾರದು, ನಿಧಾನಕ್ಕೆ ಇಳಿಯಬೇಕು. ಆಮೇಲೆ ಗೋಡೆಗೆ ಕೈಯೂರಿ ದಂಡ. ಒಂದು ತಿಂಗಳಾದ ಮೇಲೆ ಗೋಡೆಯ ಬದಲು ಜಗಲಿಯ ಅಂಚು. ಸೂರ್ಯ ನಮಸ್ಕಾರ ಗೊತ್ತಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ, ಒಂದು ಚಾಪೆಯಷ್ಟು ಜಾಗ ಸಾಕು.

ತೋಟದಮನೆ (ತೀರ್ಥಹಳ್ಳಿ)
ಜಗಲಿ ಎಂದಾಗ ಹೊಳೆಯಿತು. ಟೇಪ್ ಹಿಡಿದು ಅಳೆದೆ, ನಮ್ಮ ಜಗಲಿ 32 ಅಡಿ ಉದ್ದ. ಹೋಗಿ ಬಂದರೆ 64. ನೂರು ಸುತ್ತಿಗೆ 6400 ಅಡಿ, ಹತ್ತಿರ ಹತ್ತಿರ ಎರಡು ಕಿಲೋಮೀಟರ್! ಅಡಿಕೆ ಚೀಲಗಳನ್ನು ಒಂದು ಪಕ್ಕಕ್ಕೆ ಸರಿಸಬೇಕು ಅಷ್ಟೇ.

ತುಂಗೆಯ ದಡ (ಶಿವಮೊಗ್ಗ)
ಇದನ್ನು ಮೂರು ಪಾಲು ಮಾಡಿ. ನನಗೆ ಫಲ ಕೊಟ್ಟದ್ದು ಊಟವಾದ ಮೇಲಿನ ನಡಿಗೆ. ಮೂರು ಹೊತ್ತೂ ಉಂಡು ಕೈತೊಳೆದ ಮೇಲೆ ಹದಿನೈದು ನಿಮಿಷ, ಕೂರದೆ. ಊಟದ ನಂತರ ಸಕ್ಕರೆ ಏರುವ ಹೊತ್ತಿಗೆ ಸ್ನಾಯು ಕೆಲಸ ಮಾಡುತ್ತಿದ್ದರೆ ಏರಿಕೆ ತಗ್ಗುತ್ತದೆ. ಮಳೆ ಬಿಟ್ಟ ದಿನ ಬೆಳಗ್ಗೆ ನೆಹರೂ ಕ್ರೀಡಾಂಗಣಕ್ಕೂ ಹೋಗುತ್ತೇನೆ, ಆದರೆ ಆ ಹದಿನೈದು ನಿಮಿಷ ತಪ್ಪಿಸಿದವನಲ್ಲ. 6.3 ಇದ್ದದ್ದು ಎಂಟು ತಿಂಗಳಿಗೆ 5.8.

ಮಲೆನಾಡಿನ ಮಗಳು (ಬೆಂಗಳೂರು)
ಅಮ್ಮನಿಗೆ ಫೋನ್ ಮಾಡಿದೆ. ಬೆಲ್ಲದ ವಿಷಯ ಹೇಳುವ ಮೊದಲೇ ಇನ್ನೊಂದು ತಿಳಿಯಿತು. ಯಾರೋ ಹೇಳಿದರೆಂದು ಮೂರು ವಾರಗಳಿಂದ ಮಾತ್ರೆ ನಿಲ್ಲಿಸಿ ಕಷಾಯ ಕುಡಿಯುತ್ತಿದ್ದಾಳೆ. ಪಕ್ಕದ ಮನೆಯವರ ಯಂತ್ರದಲ್ಲಿ ನೋಡಿಸಿದರೆ ಸಕ್ಕರೆ 318. ಇವತ್ತು ರಾತ್ರಿಯ ಬಸ್ಸಿಗೆ ಊರಿಗೆ ಹೊರಟಿದ್ದೇನೆ.

ಉಪಕೇಂದ್ರದ ದಾದಿ (ಸೊರಬ)
ಬಸ್ಸಿನವರೆಗೆ ಕಾಯಬೇಡಿ ತಂಗಿ. ಈಗಲೇ ಯಾರನ್ನಾದರೂ ಜೊತೆ ಮಾಡಿ ಹತ್ತಿರದ ಆಸ್ಪತ್ರೆಗೆ ಕಳಿಸಿ. ವಾಂತಿ, ಹೊಟ್ಟೆನೋವು, ಏದುಸಿರು, ಮಂಪರು ಇದ್ದರೆ ಒಂದು ಗಳಿಗೆಯೂ ತಡಮಾಡದೆ 108ಕ್ಕೆ ಕರೆ ಮಾಡಿಸಿ. ಕಷಾಯವನ್ನು ಯಾರೂ ಬೇಡ ಎನ್ನುವುದಿಲ್ಲ, ಕೊತ್ತಂಬರಿ ಜೀರಿಗೆ ಕಷಾಯ ನಾನೂ ದಿನವೂ ಕುಡಿಯುತ್ತೇನೆ. ಮಾತ್ರೆಯ ಜಾಗದಲ್ಲಿ ಅದನ್ನು ಕೂರಿಸಬಾರದು. ಮಾತ್ರೆ ಕಡಿಮೆ ಮಾಡುವುದಿದ್ದರೂ ವೈದ್ಯರೇ ಮಾಡಬೇಕು.

ಬೇರು ನಾರು (ಶೃಂಗೇರಿ)
ಮಲೆನಾಡಿನ ಮಗಳೇ, ನಿಮ್ಮ ತಾಯಿ ಬೇಗ ಹುಷಾರಾಗಲಿ. ಮಾತ್ರೆ ಬೇಡ ಎಂದು ನಾನು ಮೇಲೆ ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನನ್ನ ಮಾತು ಕೇಳಿ ಯಾರೂ ಔಷಧ ನಿಲ್ಲಿಸಬೇಡಿ. ಆದರೆ ಸೊಪ್ಪು, ಗಡ್ಡೆ, ಹಣ್ಣುಗಳ ಮೇಲೆ ನನಗಿರುವ ನಂಬಿಕೆ ಹಾಗೆಯೇ ಇದೆ.

ಊಟದ ಲೆಕ್ಕ (ಶಿವಮೊಗ್ಗ)
ಆ ನಂಬಿಕೆಯನ್ನು ಬಿಡಲೇಬೇಡಿ. ಸೊಪ್ಪು ಗುರುತಿಸುವ ನಿಮ್ಮಂಥವರು ಇಲ್ಲದಿದ್ದರೆ ನಾಳೆ ಚಗಟೆ ಯಾವುದು, ಒಂದೆಲಗ ಯಾವುದು ಎಂದು ಮಕ್ಕಳಿಗೆ ತೋರಿಸುವವರು ಯಾರು?

ಕೆಂಪಡಿಕೆ (ಕೊಪ್ಪ)
ಊಟದ ನಂತರದ ನಡಿಗೆ ಸರಿ, ಊಟದ ನಂತರದ ಕವಳದ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ? ಎಲೆ ಅಡಿಕೆ ಜೀರ್ಣಕ್ಕೆ ಒಳ್ಳೆಯದು ಎಂದು ನಾವೆಲ್ಲ ಹಾಕುತ್ತೇವೆ.

ಉಪಕೇಂದ್ರದ ದಾದಿ (ಸೊರಬ)
ಕೇಳಿದ್ದೀರಿ, ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಹೊಗೆಸೊಪ್ಪು ಹಾಕದೆ ಬರೀ ಎಲೆ ಅಡಿಕೆ ಜಗಿದರೂ ಬಾಯಿಗೆ ಅಪಾಯವಿದೆ ಎಂಬುದೇ ಆ ವರದಿಯ ಸಾರ. ಮೂರು ಬೆರಳು ಒಟ್ಟಿಗೆ ಬಾಯಿಯೊಳಗೆ ಹೋಗದಷ್ಟು ದವಡೆ ಬಿಗಿದವರನ್ನು ನಾನು ನೋಡಿದ್ದೇನೆ.

ಕೆಂಪಡಿಕೆ (ಕೊಪ್ಪ)
ನಮ್ಮ ಅನ್ನದ ಬಟ್ಟಲಿಗೆ ಕೈ ಹಾಕುವ ಮಾತು ಇದು. ಅಡಿಕೆ ಇಲ್ಲದಿದ್ದರೆ ಮಲೆನಾಡಿನಲ್ಲಿ ಮಕ್ಕಳ ಓದು ಇಲ್ಲ, ಮದುವೆ ಇಲ್ಲ. ಎಲೆಚುಕ್ಕಿ ರೋಗ ಬಂದು ಅರ್ಧ ತೋಟ ಹೋಗಿದೆ. ಅದರ ಮೇಲೆ ಇದು. ಗುಟ್ಕಾದಲ್ಲಿ ಏನೇನೋ ಬೆರೆಸುತ್ತಾರೆ, ಅದರ ಪಾಪವನ್ನು ಅಡಿಕೆಯ ತಲೆಗೆ ಕಟ್ಟಬೇಡಿ.

ಹಳೆಯ ಮೇಷ್ಟ್ರು (ಹೊಸನಗರ)
ನನ್ನದೂ ಎರಡು ಎಕರೆ ತೋಟವಿದೆ, ನಿಮ್ಮ ಸಂಕಟ ನನಗೆ ಹೊಸದಲ್ಲ. ಆದರೆ ಬೆಳೆಯ ಬೆಲೆ ಬೇರೆ, ಬಾಯಿಯ ಆರೋಗ್ಯ ಬೇರೆ. ನಾನು ಕವಳ ಬಿಟ್ಟು ಒಂಬತ್ತು ವರ್ಷವಾಯಿತು, ತೋಟ ಇನ್ನೂ ನಡೆಯುತ್ತಿದೆ. ಊಟದ ನಂತರ ಬಾಯಿ ಏನೋ ಕೇಳುತ್ತದೆ, ನಿಜ. ನಾನು ಒಂದು ಏಲಕ್ಕಿ ಹಾಕಿಕೊಳ್ಳುತ್ತೇನೆ.

ಕೆಂಪಡಿಕೆ (ಕೊಪ್ಪ)
ಒಪ್ಪಿದೆ ಎಂದು ಹೇಳಲಾರೆ. ಏಲಕ್ಕಿ ನೋಡುತ್ತೇನೆ.

ಮಳೆಹುಳ (ಆಗುಂಬೆ)
ಮಳೆ ಕಳೆದ ಮೇಲೆ ಕಾಡಿನ ದಾರಿಯಲ್ಲಿ ನಡೆಯುವವರಿಗೂ ಒಂದು ಮಾತು ಬೇಕು. ನಮ್ಮೂರಿನಲ್ಲಿ ಬಿಸಿಲು ಬಂದ ತಕ್ಷಣ ಎಲ್ಲರೂ ಗುಡ್ಡ ಹತ್ತುತ್ತಾರೆ.

ಉಪಕೇಂದ್ರದ ದಾದಿ (ಸೊರಬ)
ಚಳಿಗಾಲದಿಂದ ಮೊದಲ ಮಳೆಯವರೆಗೆ ಉಣುಗಿನ ಕಾಲ, ಅದು ಕಚ್ಚಿ ಹರಡುವ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ. ಕಾಡಿಗೆ ಹೋಗುವ ಮೊದಲು ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿ, ಮೈ ತುಂಬ ಬಟ್ಟೆ ಹಾಕಿ. ಬಂದ ತಕ್ಷಣ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗದೆ ನಮಗೆ ತಿಳಿಸಿ.

ಮಲೆನಾಡಿನ ಮಗಳು (ಬೆಂಗಳೂರು)
ಅಮ್ಮ ಆಸ್ಪತ್ರೆಯಲ್ಲಿ ಎರಡು ದಿನ ಇದ್ದು ಮನೆಗೆ ಬಂದಳು. ಈಗ 160ರ ಆಸುಪಾಸು. ಮಾತ್ರೆ ಡಬ್ಬಿಯನ್ನು ದೇವರ ಗೂಡಿನ ಪಕ್ಕದಲ್ಲೇ ಇಟ್ಟಿದ್ದೇನೆ, ದೀಪ ಹಚ್ಚುವಾಗ ಕಣ್ಣಿಗೆ ಬೀಳಲಿ ಎಂದು. ದಾದಿ ಅಕ್ಕ, ನಿಮ್ಮ ಋಣ ದೊಡ್ಡದು.

ತೋಟದಮನೆ (ತೀರ್ಥಹಳ್ಳಿ)
ಕೇಳಿ ಸಮಾಧಾನವಾಯಿತು. ನನ್ನದು ಹದಿನೆಂಟು ದಿನದ ವರದಿ. ಪರೀಕ್ಷೆಗೆ ಇನ್ನೂ ಎರಡು ತಿಂಗಳಿದೆ, ಆದ್ದರಿಂದ ಅಂಕಿ ಕೇಳಬೇಡಿ. ರೊಟ್ಟಿ ಎರಡು, ಜೊತೆಗೆ ಹುರುಳಿ ಉಸಲಿ. ಮಧ್ಯಾಹ್ನ ಅನ್ನ 220 ಗ್ರಾಂ, ಮೊದಲ ವಾರ ಸಂಜೆ ನಾಲ್ಕಕ್ಕೆ ವಿಪರೀತ ಹಸಿವಾಗುತ್ತಿತ್ತು, ಈಗ ಒಂದು ಹಿಡಿ ಶೇಂಗಾ ಸಾಕು. ಬೆಲ್ಲದ ಕಾಫಿ ನಾಲ್ಕರಿಂದ ಒಂದಕ್ಕೆ ಇಳಿಯಿತು. ಜಗಲಿಯಲ್ಲಿ ಮೂರು ಹೊತ್ತೂ ಮೂವತ್ತು ಸುತ್ತು, ಮಧ್ಯಾಹ್ನದ್ದು ಅಂಗಡಿಯ ಗೋದಾಮಿನಲ್ಲಿ. ರಾತ್ರಿಯ ಸುತ್ತಿಗೆ ಹೆಂಡತಿಯೂ ಬರುತ್ತಾಳೆ. ಸಾಗರದ ಅಕ್ಕನ ಮಾತು ಓದಿ ಹೇಳಿದ ಮೇಲೆ ಪಾತ್ರೆ ತೊಳೆಯುವುದನ್ನು ನಾನೂ ಮಗನೂ ವಹಿಸಿಕೊಂಡೆವು, ಇಲ್ಲದಿದ್ದರೆ ಅವಳಿಗೆ ಆ ಹದಿನೈದು ನಿಮಿಷ ಸಿಗುತ್ತಿರಲಿಲ್ಲ.

ಗರಡಿ ಮಣ್ಣು (ಶಿವಮೊಗ್ಗ)
ಕುರ್ಚಿ?

ತೋಟದಮನೆ (ತೀರ್ಥಹಳ್ಳಿ)
ದಿನ ಬಿಟ್ಟು ದಿನ ಮೂರು ಸುತ್ತು. ಮೊದಲ ಮೂರು ದಿನ ಮೆಟ್ಟಿಲು ಇಳಿಯುವಾಗ ತೊಡೆ ಹಿಡಿಯುತ್ತಿತ್ತು, ಈಗ ಇಲ್ಲ.

ತುಂಗೆಯ ದಡ (ಶಿವಮೊಗ್ಗ)
ಮಳೆ ಪೂರ್ತಿ ಇಳಿದ ಮೇಲೆ ಒಂದು ಭಾನುವಾರ ಕುಂದಾದ್ರಿ ಹತ್ತೋಣವೇ? ಮೇಲಿನವರೆಗೂ ಡಾಂಬರು ರಸ್ತೆ, ಉಂಬಳದ ಕಾಟ ಕಡಿಮೆ. ಬರುವವರು ಹೆಸರು ಬರೆಯಿರಿ.

ಸಾಗರದ ಸೊಸೆ
ನಾನು ಬರುತ್ತೇನೆ. ಅವತ್ತಿನ ತಿಂಡಿ ನಮ್ಮ ಮನೆಯವರು ಮಾಡಲಿ.

ಹಳೆಯ ಮೇಷ್ಟ್ರು (ಹೊಸನಗರ)
ನಾನೂ ಬರುತ್ತೇನೆ, ನಿಧಾನಕ್ಕೆ. ಬುತ್ತಿ ಕೆಳಗೇ ಇಟ್ಟು ಹೋಗಬೇಡಿ, ಹೊತ್ತುಕೊಂಡೇ ಹತ್ತಿ.

ಮಳೆಹುಳ (ಆಗುಂಬೆ)
ವಿಷಯಾಂತರಕ್ಕೆ ಕ್ಷಮಿಸಿ. ನಿನ್ನೆ ಕಳಲೆ ಸಿಕ್ಕಿದೆ. ಹೆಚ್ಚಿ ಒಂದು ರಾತ್ರಿ ನೆನೆಸಿದರೆ ಸಾಕಾಗುತ್ತದೆಯೇ?

ಸಾಗರದ ಸೊಸೆ
ಸಾಲದು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ತೆಳ್ಳಗೆ ಹೆಚ್ಚಿ ಮೂರು ದಿನ ನೆನೆಸಬೇಕು, ದಿನವೂ ಆ ನೀರು ಚೆಲ್ಲಿ ಹೊಸ ನೀರು ಹಾಕಬೇಕು. ಆಮೇಲೆ ಮುಚ್ಚಳ ತೆರೆದಿಟ್ಟು ಚೆನ್ನಾಗಿ ಬೇಯಿಸಿ, ಬೆಂದ ನೀರನ್ನೂ ಚೆಲ್ಲಿ. ಹೆಸರುಕಾಳು ಮೊಳಕೆ ಬರಿಸಿ ಅದರ ಜೊತೆ ಪಲ್ಯ ಮಾಡಿದರೆ ಬಟ್ಟಲು ತುಂಬ ತಿನ್ನಬಹುದು, ಅನ್ನ ತಾನಾಗಿ ಕಡಿಮೆಯಾಗುತ್ತದೆ. ನೆನೆಸಿದ ನೀರನ್ನು ದನದ ಬಾನಿಗೆ ಸುರಿಯಬೇಡಿ.